ಅಮೆರಿಕದ ಕುಟುಂಬ ಪಶುಪಾಲಕರೂ ದೊಡ್ಡ ಮಾಂಸ ಕಂಪನಿಗಳೂ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ನನಗೆ ಒಪ್ಪಿಸಿರುವ ವಿಷಯ ಅಮೆರಿಕ ಸಂಯುಕ್ತ ಸಂಸ್ಥಾನದ ದನಸಾಕಣೆ. ತಲೆಮಾರುಗಳಿಂದ ದನ ಸಾಕುತ್ತ ಬಂದಿರುವ ಅಲ್ಲಿನ ಕುಟುಂಬಗಳು ಭಾರೀ ಮಾಂಸ ಕಂಪನಿಗಳ ಎದುರು ಎಲ್ಲಿ ಗೆದ್ದಿವೆ, ಎಲ್ಲಿ ಸೋತಿವೆ, ಏನು ಮಾಡಿ ಉಳಿದುಕೊಂಡಿವೆ ಎಂಬುದನ್ನು ತಮ್ಮ ಮುಂದಿಡುತ್ತೇನೆ.

"ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ನಮಗೆ ಅಮೆರಿಕದ ಸುದ್ದಿ ಏಕೆ?" ಎಂದು ತಾವು ಕೇಳಬಹುದು. ದನವನ್ನು ನಾವು ಕಾಣುವ ರೀತಿ ಬೇರೆ, ಅವರು ಕಾಣುವ ರೀತಿ ಬೇರೆ. ಅವರು ಮಾಂಸಕ್ಕಾಗಿ ಸಾಕುತ್ತಾರೆ. ನಾವು ಹಾಲು, ಗೊಬ್ಬರ, ಉಳುಮೆಗಾಗಿ ಸಾಕುತ್ತೇವೆ. ಅದರ ಸರಿತಪ್ಪು ಇಂದಿನ ಮಾತಿನ ವಿಷಯವಲ್ಲ. ಆದರೆ ಚೆನ್ನಾಗಿ ಬೆಳೆಸಬಲ್ಲ ರೈತ ಮಾರುವ ಹೊತ್ತಿಗೆ ಏಕೆ ಕೈಸೋಲುತ್ತಾನೆ ಎಂಬ ಪ್ರಶ್ನೆ ಮಾತ್ರ ಎರಡೂ ದೇಶಕ್ಕೆ ಒಂದೇ.

ಇನ್ನೊಂದು ನಂಟೂ ಉಂಟು. ಅಮೆರಿಕದ ದಕ್ಷಿಣ ರಾಜ್ಯಗಳ ಬಿಸಿಲನ್ನೂ ಉಣ್ಣೆಹುಳುವಿನ ಕಾಟವನ್ನೂ ಯೂರೋಪಿನ ದನಗಳು ತಾಳಲಾರದೆ ಹೋದಾಗ ಅಲ್ಲಿನವರು ಭಾರತದ ಡುಬ್ಬದ ದನಗಳನ್ನು ತರಿಸಿಕೊಂಡರು. ಅಲ್ಲಿ ಬ್ರಾಹ್ಮನ್ ಎಂದು ಹೆಸರಾದ ತಳಿಯಲ್ಲಿ ಗುಜರಾತಿನ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್ ಇವುಗಳೊಡನೆ ನಮ್ಮ ಕೃಷ್ಣಾ ಕಣಿವೆ ದನದ ರಕ್ತವೂ ಸೇರಿದೆ. ನಮ್ಮ ಎರೆಭೂಮಿಯಲ್ಲಿ ನೇಗಿಲೆಳೆದ ತಳಿ ಅಲ್ಲಿನ ಹುಲ್ಲುಗಾವಲಿನಲ್ಲಿ ವಂಶ ಬೆಳೆಸಿದೆ ಎಂದಮೇಲೆ ಆ ಹುಲ್ಲುಗಾವಲಿನ ಒಡೆಯರ ಕಷ್ಟಸುಖ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹುಲ್ಲುಗಾವಲಿನಿಂದ ಕಾರ್ಖಾನೆಯವರೆಗೆ

ಅಲ್ಲಿ ಒಂದು ಕರು ಹುಟ್ಟಿದಂದಿನಿಂದ ಮಾಂಸವಾಗುವವರೆಗೆ ಸಾಮಾನ್ಯವಾಗಿ ಮೂರು ಕೈ ದಾಟುತ್ತದೆ. ಮೊದಲನೆಯವನು ಪಶುಪಾಲಕ. ಇವನು ತಾಯಿ ಹಸುಗಳನ್ನು ಹುಲ್ಲುಗಾವಲಿನಲ್ಲಿ ಮೇಯಿಸಿ ಕರು ಪಡೆಯುತ್ತಾನೆ. ಕರು ಆರರಿಂದ ಎಂಟು ತಿಂಗಳು ತಾಯಿಯ ಹಾಲು ಕುಡಿದು, ಹುಲ್ಲು ಮೇಯ್ದು, 200ರಿಂದ 270 ಕಿಲೋ ತೂಗುವಾಗ ಅದನ್ನು ತಾಯಿಯಿಂದ ಬಿಡಿಸಿ ಮಾರುತ್ತಾರೆ. ಕೆಲವು ಕರುಗಳು ಇನ್ನೂ ಕೆಲವು ತಿಂಗಳು ಬೇರೊಬ್ಬರ ಹುಲ್ಲುಗಾವಲಿನಲ್ಲಿ ಬೆಳೆಯುವುದೂ ಉಂಟು.

ಎರಡನೆಯದು ಫೀಡ್‌ಲಾಟ್, ಅಂದರೆ ದನಗಳನ್ನು ಬಯಲು ಕೊಟ್ಟಿಗೆಗಳಲ್ಲಿ ಕೂಡಿ ಮುಸುಕಿನ ಜೋಳ, ರಸಮೇವು ಮುಂತಾದುವನ್ನು ತಿನ್ನಿಸಿ ಕೊಬ್ಬಿಸುವ ಅಂಗಳ. ಟೆಕ್ಸಸ್, ಕ್ಯಾನ್ಸಸ್, ನೆಬ್ರಾಸ್ಕ, ಕೊಲೊರಾಡೊ ರಾಜ್ಯಗಳಲ್ಲಿ ಇವು ಹೆಚ್ಚು. ಇಲ್ಲಿ ನಾಲ್ಕರಿಂದ ಆರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮೇವು ತಿಂದು ದನ 600 ಕಿಲೋ ಮೀರುತ್ತದೆ. ಮೂರನೆಯದು ಮಾಂಸ ಕಾರ್ಖಾನೆ. ಅದರ ಒಡೆಯರನ್ನು ಅಲ್ಲಿ ಪ್ಯಾಕರ್ ಎನ್ನುತ್ತಾರೆ. ಅಲ್ಲಿಂದ ಮಾಂಸ ಅಂಗಡಿಗೂ ಹೋಟೆಲಿಗೂ ಹೋಗುತ್ತದೆ.

ಈ ಮೂರು ಕೈಗಳ ಗಾತ್ರವನ್ನು ಹೋಲಿಸಿ ನೋಡಿ. 2022ರ ಕೃಷಿ ಗಣತಿಯ ಪ್ರಕಾರ ಮಾಂಸದ ತಳಿಯ ತಾಯಿ ಹಸುಗಳನ್ನು ಸಾಕುವ ಹಿಡುವಳಿಗಳು ಸುಮಾರು 6 ಲಕ್ಷ 22 ಸಾವಿರ. ಸರಾಸರಿ ಹಿಂಡು 47 ಹಸು ಮಾತ್ರ. ಫೀಡ್‌ಲಾಟುಗಳಲ್ಲಿ 1,000 ದನ ಹಿಡಿಸುವಂಥವು ನೂರಕ್ಕೆ ಐದೂ ಇಲ್ಲ. ಆದರೆ ಕೊಬ್ಬಿಸಿದ ದನಗಳಲ್ಲಿ ಶೇ. 80ರಿಂದ 85ರಷ್ಟು ಅವುಗಳಿಂದಲೇ ಬರುತ್ತವೆ. ಕೊಬ್ಬಿಸಿದ ಹೋರಿ, ಮಣಕಗಳಲ್ಲಿ ಶೇ. 85ರಷ್ಟನ್ನು ಕೊಳ್ಳುವ ಕಂಪನಿಗಳು ನಾಲ್ಕೇ ನಾಲ್ಕು: ಟೈಸನ್, ಜೆ.ಬಿ.ಎಸ್., ಕಾರ್ಗಿಲ್ ಮತ್ತು ನ್ಯಾಷನಲ್ ಬೀಫ್.

ಒಂದು ಕಡೆ ಆರು ಲಕ್ಷ ಮಂದಿ, ಇನ್ನೊಂದು ಕಡೆ ನಾಲ್ಕು ಮಂದಿ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ವಿವರಣೆಯೇ ಎಂದು ತಿಳಿಯಿರಿ.

ಹುಲ್ಲುಗಾವಲು ಕುಟುಂಬದ ಕೈಯಲ್ಲೇ ಏಕೆ ಉಳಿಯಿತು?

ಕೋಳಿಸಾಕಣೆಯನ್ನು ಅಮೆರಿಕದ ಕಂಪನಿಗಳು ಪೂರ್ತಿಯಾಗಿ ತಮ್ಮ ಒಪ್ಪಂದದೊಳಗೆ ತಂದುಕೊಂಡಿವೆ. ಹಂದಿಸಾಕಣೆಯೂ 1990ರ ದಶಕದಲ್ಲಿ ಬಹುಮಟ್ಟಿಗೆ ಅದೇ ದಾರಿ ಹಿಡಿಯಿತು. ಆದರೆ ತಾಯಿ ಹಸುವಿನ ಸಾಕಣೆ ಮಾತ್ರ ಇಂದಿಗೂ ಹೆಚ್ಚಾಗಿ ಕುಟುಂಬಗಳ ಕೈಯಲ್ಲಿದೆ. ಇದಕ್ಕೆ ಕಾರಣ ಕಂಪನಿಗಳ ಔದಾರ್ಯವಲ್ಲ, ಕಸುಬಿನ ಸ್ವಭಾವ.

ಕೋಳಿ ಆರೇಳು ವಾರದಲ್ಲಿ ಮಾರಾಟಕ್ಕೆ ಬರುತ್ತದೆ. ಒಂದೇ ಮಾಡಿನ ಕೆಳಗೆ ಸಾವಿರಾರು ಕೋಳಿ ಸಾಕಬಹುದು. ಹಸುವಾದರೋ ಒಂಬತ್ತು ತಿಂಗಳು ಗಬ್ಬ ಹೊತ್ತು ವರ್ಷಕ್ಕೆ ಒಂದು ಕರು ಹಾಕುತ್ತದೆ. ಮಳೆ ಕಡಿಮೆ ಇರುವ ಪಶ್ಚಿಮ ರಾಜ್ಯಗಳಲ್ಲಿ ಒಂದು ಹಸುವಿಗೆ ಹತ್ತಾರು ಎಕರೆ ಹುಲ್ಲುಗಾವಲು ಬೇಕು. ಈಯುವ ಕಾಲದಲ್ಲಿ ಹಿಮ ಬೀಳುವ ರಾತ್ರಿಯಲ್ಲೂ ಎದ್ದು ಹೋಗಿ ನೋಡುವ ಕಣ್ಣು ಬೇಕು. ಸಂಬಳದ ಆಳಿಗಿಂತ ಮನೆಯವರು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಟೆಕ್ಸಸ್‌ನ ಕಿಂಗ್ ರ್‍ಯಾಂಚ್‌ನಂತೆ 8 ಲಕ್ಷ ಎಕರೆ ಮೀರಿದ ಕಂಪನಿ ಹುಲ್ಲುಗಾವಲುಗಳೂ ಇವೆ, ನಿಜ. ಆದರೆ ಅವು ಸಣ್ಣ ಹಿಂಡುಗಳನ್ನು ನುಂಗಿಹಾಕಲಿಲ್ಲ. ಜಮೀನಿನ ಮೇಲೆ ಹಣ ಹೂಡುವ ಭಾರ, ಬರಗಾಲದ ಅಪಾಯ, ಕರು ಸಾಯುವ ನಷ್ಟ, ಇವೆಲ್ಲ ಪಶುಪಾಲಕನ ತಲೆಯ ಮೇಲೇ ಇರಲಿ ಎಂದು ಬಿಡುವುದು ಕಂಪನಿಗೆ ಲಾಭಕರ.

ಬೆಳೆಸುವ ಕೆಲಸದಲ್ಲಿ ಕುಟುಂಬದವನು ದೊಡ್ಡವರಿಗೆ ಸರಿಸಮನಾಗಿ ನಿಲ್ಲಬಲ್ಲ. ಅದಕ್ಕೆ ಖರ್ಚಿನ ಲೆಕ್ಕ ತಿಳಿದಿರಬೇಕು. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಹಸುವನ್ನು ವರ್ಷ ಸಾಕಲು 100 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ನೂರು ಹಸುವಿಗೆ 10,000 ರೂಪಾಯಿ. 95 ಕರು ಉಳಿದು ಮಾರಾಟಕ್ಕೆ ಬಂದರೆ ಒಂದೊಂದು ಕರುವಿನ ಮೇಲೆ ಬಿದ್ದ ಖರ್ಚು ಸುಮಾರು 105 ರೂಪಾಯಿ. 80 ಕರು ಮಾತ್ರ ಉಳಿದರೆ 125 ರೂಪಾಯಿ. ಆದ್ದರಿಂದ ಗೊಡ್ಡು ಹಸುವನ್ನು ಬೇಗ ಗುರುತಿಸುವುದು, ಕರು ಸಾಯದಂತೆ ನೋಡಿಕೊಳ್ಳುವುದು, ಚಳಿಗಾಲದ ಒಣಹುಲ್ಲಿನ ಖರ್ಚು ಇಳಿಸುವುದು, ಇವೇ ಪಶುಪಾಲಕನ ಮುಖ್ಯ ಉಪಾಯಗಳು.

ನೆಬ್ರಾಸ್ಕ ವಿಶ್ವವಿದ್ಯಾನಿಲಯದವರು ಸ್ಯಾಂಡ್‌ಹಿಲ್ಸ್ ಎಂಬ ಮರಳುದಿಬ್ಬಗಳ ಹುಲ್ಲುನಾಡಿನಲ್ಲಿ ಈ ದಿಸೆಯಲ್ಲಿ ಪ್ರಯೋಗಗಳನ್ನು ನಡೆಸಿದ್ದಾರೆ. ಮಾರ್ಚಿಯಲ್ಲಿ ಈಯುತ್ತಿದ್ದ ಹಿಂಡನ್ನು ಜೂನ್ ತಿಂಗಳಲ್ಲಿ ಈಯುವಂತೆ ಬದಲಿಸಿದಾಗ ಹಸುವಿಗೆ ಹೆಚ್ಚು ಆಹಾರ ಬೇಕಾಗುವ ಕಾಲವೂ ಹಸಿರು ಹುಲ್ಲಿನ ಕಾಲವೂ ಒಂದಾಗಿ, ಕೊಟ್ಟು ಸಾಕಬೇಕಾದ ಒಣಹುಲ್ಲಿನ ಪ್ರಮಾಣ ಬಹಳ ಇಳಿಯಿತು. ಕಾಸು ಖರ್ಚಿಲ್ಲದ ಸುಧಾರಣೆ ಇದು. ಇಂಥದನ್ನು ದೊಡ್ಡವನಷ್ಟೇ ಸುಲಭವಾಗಿ ಸಣ್ಣವನೂ ಮಾಡಬಹುದು.

ಹಾಗಾದರೆ ಕಷ್ಟ ಎಲ್ಲಿ? ಕಷ್ಟ ಇರುವುದು ಬೇಲಿಯ ಬಾಗಿಲಿನ ಆಚೆ.

ಕೊಳ್ಳುವವರು ನಾಲ್ವರಾದ ಬಗೆ

ಅಮೆರಿಕದಲ್ಲಿ ಈ ಜಗಳ ಹೊಸದಲ್ಲ. 1865ರಲ್ಲಿ ಷಿಕಾಗೊ ನಗರದಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಬೃಹತ್ ದನದ ಪೇಟೆ ಪ್ರಾರಂಭವಾಯಿತು. ರೈಲಿನಲ್ಲಿ ದನ ಬರುತ್ತಿತ್ತು; ಮಂಜುಗಡ್ಡೆಯಿಂದ ತಂಪು ಮಾಡಿದ ರೈಲು ಡಬ್ಬಿಗಳಲ್ಲಿ ಮಾಂಸ ಹೋಗುತ್ತಿತ್ತು. ಕ್ರಮೇಣ ಐದು ಕಂಪನಿಗಳು ಪೇಟೆಯನ್ನೂ ರೈಲು ಡಬ್ಬಿಗಳನ್ನೂ ಹಿಡಿದುಕೊಂಡವು. 1917ರಲ್ಲಿ ಅಧ್ಯಕ್ಷ ವಿಲ್ಸನ್ನರು ತನಿಖೆಗೆ ಆಜ್ಞೆ ಮಾಡಿದರು. ಅದರ ಫಲವಾಗಿ 1920ರಲ್ಲಿ ಆ ಕಂಪನಿಗಳು ದನದ ಪೇಟೆಗಳ ಒಡೆತನವನ್ನು ಬಿಟ್ಟುಕೊಡಲು ಒಪ್ಪಬೇಕಾಯಿತು. 1921ರಲ್ಲಿ ಪ್ಯಾಕರುಗಳನ್ನೂ ದನದ ಪೇಟೆಗಳನ್ನೂ ಹದ್ದಿನಲ್ಲಿಡುವ ಕಾನೂನು ಬಂದಿತು. ಅನಂತರ ಹಲವು ದಶಕಗಳ ಕಾಲ ಹೊಸ ಕಂಪನಿಗಳು ಹುಟ್ಟಿ ಪೈಪೋಟಿ ಬೆಳೆಯಿತು. 1980ರಲ್ಲಿ ಮೊದಲ ನಾಲ್ಕು ಕಂಪನಿಗಳ ಪಾಲು ಶೇ. 36ರಷ್ಟು ಮಾತ್ರ ಇತ್ತು.

ಮುಂದಿನ ಹತ್ತು ವರ್ಷಗಳಲ್ಲಿ ಅದು ಶೇ. 70ನ್ನು ದಾಟಿತು. ಇದಕ್ಕೆ ಬೀಜ ಬಿದ್ದದ್ದು 1960ರಲ್ಲಿ ಅಯೋವ ರಾಜ್ಯದಲ್ಲಿ ಹುಟ್ಟಿದ ಐ.ಬಿ.ಪಿ. ಎಂಬ ಕಂಪನಿಯಿಂದ. ದನವನ್ನು ನಗರಕ್ಕೆ ಸಾಗಿಸುವ ಬದಲು ಫೀಡ್‌ಲಾಟುಗಳಿರುವ ಹಳ್ಳಿಗಾಡಿನಲ್ಲೇ ಅದು ಕಾರ್ಖಾನೆ ಕಟ್ಟಿತು. 1967ರಿಂದ ಮಾಂಸವನ್ನು ಕಾರ್ಖಾನೆಯಲ್ಲೇ ತುಂಡು ಮಾಡಿ, ಮೂಳೆ ಕೊಬ್ಬು ತೆಗೆದು, ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸತೊಡಗಿತು. ಸಾಗಾಣಿಕೆ ಖರ್ಚು ಇಳಿಯಿತು. ಇದು ನಿಜವಾದ ದಕ್ಷತೆ, ಇದನ್ನು ಅಲ್ಲಗಳೆಯುವಂತಿಲ್ಲ. ದಿನಕ್ಕೆ ನಾಲ್ಕೈದು ಸಾವಿರ ದನ ಹಿಡಿಯುವ ಕಾರ್ಖಾನೆಗೆ ತಲೆಗೊಂದಕ್ಕೆ ಬೀಳುವ ಖರ್ಚು ಸಣ್ಣ ಕಾರ್ಖಾನೆಗಿಂತ ಕಡಿಮೆ. ಸಣ್ಣವು ಮುಚ್ಚಿದವು, ದೊಡ್ಡವು ಒಂದನ್ನೊಂದು ಕೊಂಡವು. ಷಿಕಾಗೊ ಪೇಟೆ 1971ರಲ್ಲಿ ಬಾಗಿಲು ಹಾಕಿತು. ಐ.ಬಿ.ಪಿ.ಯನ್ನು 2001ರಲ್ಲಿ ಟೈಸನ್ ಕೊಂಡಿತು. 1953ರಲ್ಲಿ ಬ್ರೆಜಿಲಿನಲ್ಲಿ ಸ್ಥಾಪನೆಯಾದ ಜೆ.ಬಿ.ಎಸ್. 2007ರಲ್ಲಿ ಅಮೆರಿಕದ ಹಳೆಯ ಸ್ವಿಫ್ಟ್ ಕಂಪನಿಯನ್ನು ಕೊಂಡಿತು. ಮರುವರ್ಷ ಅದು ನ್ಯಾಷನಲ್ ಬೀಫನ್ನೂ ಕೊಳ್ಳಹೊರಟಾಗ ಸರ್ಕಾರ ನ್ಯಾಯಾಲಯಕ್ಕೆ ಹೋಗಿ ತಡೆಯಿತು. ಇಲ್ಲದಿದ್ದರೆ ನಾಲ್ವರು ಮೂವರಾಗುತ್ತಿದ್ದರು.

ಟವೆಲಿನ ಕೆಳಗಿನ ಬೆಲೆ

ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲೋ ಚುಂಚನಕಟ್ಟೆಯ ಜಾತ್ರೆಯಲ್ಲೋ ಟವೆಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಗೊತ್ತುಮಾಡುವುದನ್ನು ತಾವು ನೋಡಿದ್ದೀರಿ. ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ಎತ್ತು ಹಿಡಿದು ನಿಂತವನಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಇದೇ ಸಂಗತಿ ಬೇರೆ ವೇಷದಲ್ಲಿ ನಡೆಯುತ್ತಿದೆ.

ಹಿಂದೆ ಹೆಚ್ಚಿನ ದನಗಳ ಬೆಲೆ ಮಾರುವ ವಾರದಲ್ಲೇ ಚೌಕಾಸಿಯಿಂದ ಗೊತ್ತಾಗುತ್ತಿತ್ತು. ಈಗ ಫೀಡ್‌ಲಾಟಿನವನು ಮುಂಚೆಯೇ ಕಂಪನಿಯೊಡನೆ ಕರಾರು ಮಾಡಿಕೊಳ್ಳುತ್ತಾನೆ. "ಇಂಥ ವಾರದ ಪೇಟೆ ಬೆಲೆ ಎಷ್ಟಿರುತ್ತದೋ ಅಷ್ಟು, ಗುಣಮಟ್ಟ ಚೆನ್ನಾಗಿದ್ದರೆ ಮೇಲೆ ಇಷ್ಟು" ಎಂಬುದು ಆ ಕರಾರಿನ ಸೂತ್ರ. ಇದರಿಂದ ಮಾರುವವನಿಗೆ ಗಿರಾಕಿ ಖಾತ್ರಿ, ಕಾರ್ಖಾನೆಗೆ ದನ ಖಾತ್ರಿ, ಒಳ್ಳೆಯ ದನಕ್ಕೆ ಹೆಚ್ಚು ಬೆಲೆ. ಇವು ಲಾಭಗಳೇ. ಆದರೆ ಸೂತ್ರಕ್ಕೆ ಆಧಾರವಾದ ಪೇಟೆ ಬೆಲೆ ಹುಟ್ಟುವುದು ಎಲ್ಲಿ? ಇನ್ನೂ ಚೌಕಾಸಿಯಲ್ಲಿ ಮಾರಾಟವಾಗುವ ಉಳಿದ ದನಗಳಲ್ಲಿ. 2005ರ ಹೊತ್ತಿಗೆ ಅರ್ಧದಷ್ಟಿದ್ದ ಚೌಕಾಸಿಯ ಮಾರಾಟ 2020ರ ಹೊತ್ತಿಗೆ ಸುಮಾರು ಕಾಲುಭಾಗಕ್ಕೆ ಇಳಿಯಿತು. ಕಾಲುಭಾಗದ ದನಗಳು ಮುಕ್ಕಾಲು ಭಾಗದ ಬೆಲೆಯನ್ನು ನಿರ್ಧರಿಸುತ್ತವೆ ಎಂದಾಯಿತು. ಆ ವಾರ ಕಂಪನಿಯವನು ಪೇಟೆಗೆ ಬಾರದೆ ಸುಮ್ಮನಿದ್ದರೂ ಅವನ ಕಾರ್ಖಾನೆ ಕರಾರಿನ ದನದಿಂದ ನಡೆಯುತ್ತದೆ. ಮಾರಬೇಕಾದವನು ಮಾತ್ರ ಕಾಯುವಂತಿಲ್ಲ. ಕೊಬ್ಬಿದ ದನ ಕಟ್ಟಿದ ಮೂಟೆಯಲ್ಲ. ದಿನವೂ ತಿನ್ನುತ್ತದೆ, ಕೊಬ್ಬು ಅತಿಯಾದರೆ ಬೆಲೆಯೂ ಇಳಿಯುತ್ತದೆ.

ಫೀಡ್‌ಲಾಟಿನವನಿಗೆ ಕಡಿಮೆ ಬೆಲೆ ಸಿಕ್ಕಿದರೆ ಅವನು ಮುಂದಿನ ಕರುವಿಗೆ ಕಡಿಮೆ ಬೆಲೆ ಕೊಡುತ್ತಾನೆ. ಹೀಗೆ ಕಾರ್ಖಾನೆಯಲ್ಲಿ ಒತ್ತಿದ ಬೆಲೆ ಮೆಟ್ಟಿಲಿಳಿದು ಕೊನೆಗೆ ಹುಲ್ಲುಗಾವಲಿನ ಕುಟುಂಬದ ಮೇಲೆ ಬೀಳುತ್ತದೆ. ಅವನ ಕೆಳಗೆ ಇನ್ನು ಮೆಟ್ಟಿಲಿಲ್ಲ.

ಒಂದು ಬೆಂಕಿ, ಒಂದು ರೋಗ

ಕೊಳ್ಳುವ ಬಾಗಿಲುಗಳು ಕೆಲವೇ ಆದಾಗ ಒಂದು ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಎರಡು ಘಟನೆಗಳು ತೋರಿಸಿಕೊಟ್ಟವು. 2019ರ ಆಗಸ್ಟ್ 9ರಂದು ಕ್ಯಾನ್ಸಸ್ ರಾಜ್ಯದ ಹಾಲ್ಕಂಬ್ ಎಂಬಲ್ಲಿ ಟೈಸನ್ ಕಾರ್ಖಾನೆಗೆ ಬೆಂಕಿ ಬಿದ್ದಿತು. ದೇಶದ ಒಟ್ಟು ಸಾಮರ್ಥ್ಯದ ಶೇ. 5ರಿಂದ 6ರಷ್ಟು ಆ ಒಂದೇ ಕಾರ್ಖಾನೆಯದಾಗಿತ್ತು. ಕೂಡಲೇ ದನದ ಬೆಲೆ ಕುಸಿಯಿತು, ಮಾಂಸದ ಬೆಲೆ ಏರಿತು. ಬೆಳೆದವನಿಗೂ ನಷ್ಟ, ತಿನ್ನುವವನಿಗೂ ನಷ್ಟ. ನಡುವೆ ಉಳಿದ ಕಾರ್ಖಾನೆಗಳಿಗೆ ಲಾಭ.

2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊರೋನಾ ರೋಗ ಕಾರ್ಖಾನೆಯ ಕೆಲಸಗಾರರಲ್ಲಿ ಹರಡಿ ಹಲವು ಕಾರ್ಖಾನೆಗಳು ನಿಂತವು. ಫೀಡ್‌ಲಾಟುಗಳಲ್ಲಿ ದನ ತುಂಬಿ ತುಳುಕಿತು. ಅಂಗಡಿಗಳಲ್ಲಿ ಮಾಂಸ ಸಿಗದೆ ಸಗಟು ಬೆಲೆ ಹಿಂದೆಂದೂ ಕಾಣದ ಮಟ್ಟ ಮುಟ್ಟಿತು. ಇವೆರಡರಲ್ಲೂ ಪಶುಪಾಲಕನ ಕಸುಬಿನಲ್ಲಿ ಯಾವ ಕುಂದೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕುಂದು ಇದ್ದದ್ದು ದಾರಿ ಕಿರಿದಾದುದರಲ್ಲಿ.

ಕುಟುಂಬಗಳು ಮಾಡಿದ ಪ್ರಯತ್ನಗಳು

ಮೊದಲ ದಾರಿ ನ್ಯಾಯಾಲಯ. ಕರಾರಿನ ದನಗಳನ್ನು ಮುಂದಿಟ್ಟುಕೊಂಡು ಪೇಟೆ ಬೆಲೆ ಇಳಿಸಿದರೆಂದು ದನದ ಉತ್ಪಾದಕರು 1996ರಲ್ಲಿ ಐ.ಬಿ.ಪಿ. ಮೇಲೆ ದಾವೆ ಹೂಡಿದರು. 2004ರಲ್ಲಿ ಅಲಬಾಮ ರಾಜ್ಯದ ನ್ಯಾಯದರ್ಶಿ ಮಂಡಲಿ ಅವರಿಗೆ 128 ಕೋಟಿ ಡಾಲರ್ ಪರಿಹಾರ ಎಂದಿತು. ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಮೇಲಿನ ನ್ಯಾಯಾಲಯ 2005ರಲ್ಲಿ ಅವರ ತೀರ್ಪನ್ನೇ ಎತ್ತಿಹಿಡಿಯಿತು. ಹತ್ತು ವರ್ಷದ ಹೋರಾಟದಿಂದ ಕೈಗೆ ಬಿಡಿಗಾಸೂ ಬರಲಿಲ್ಲ.

ಎರಡನೆಯ ದಾರಿ ಕಾನೂನು. ದೊಡ್ಡ ಕಾರ್ಖಾನೆಗಳು ತಾವು ಕೊಟ್ಟ ಬೆಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಶಾಸನ 1999ರಲ್ಲಿ ಆಗಿ 2001ರಿಂದ ಜಾರಿಯಾಯಿತು. ಸರ್ಕಾರ ಆ ಬೆಲೆಗಳನ್ನು ಒಟ್ಟುಗೂಡಿಸಿ ಪ್ರಕಟಿಸುತ್ತದೆ. ಟವೆಲನ್ನು ಸ್ವಲ್ಪ ಸರಿಸಿದಂತಾಯಿತು. ಮಾಂಸದ ಮೇಲೆ ಹುಟ್ಟಿದ ದೇಶದ ಹೆಸರು ಹಾಕುವ ಕಡ್ಡಾಯ ನಿಯಮ 2009ರಲ್ಲಿ ಜಾರಿಗೆ ಬಂದರೂ, ನೆರೆಯ ಕೆನಡ, ಮೆಕ್ಸಿಕೊಗಳು ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ಗೆದ್ದುದರಿಂದ 2015ರಲ್ಲಿ ರದ್ದಾಯಿತು.

ಮೂರನೆಯ ದಾರಿ ಕೂಡಿ ಮಾರುವುದು. ಇಲ್ಲಿ ಎರಡು ಉದಾಹರಣೆಗಳು ತಿಳಿಯತಕ್ಕವು.

ಒಂದು, 1986ರಲ್ಲಿ ಓರೆಗಾನ್ ರಾಜ್ಯದ ಒಣನಾಡಿನಲ್ಲಿ 14 ಕುಟುಂಬಗಳು ಸೇರಿ ಕಟ್ಟಿಕೊಂಡ ಸಹಕಾರಿ ಕೂಟ. ಮುಂದೆ ಇದಕ್ಕೆ ಕಂಟ್ರಿ ನ್ಯಾಚುರಲ್ ಬೀಫ್ ಎಂಬ ಹೆಸರು ಬಂದಿತು. ಡಾಕ್ ಹ್ಯಾಟ್‌ಫೀಲ್ಡ್ ಮತ್ತು ಕಾನಿ ಹ್ಯಾಟ್‌ಫೀಲ್ಡ್ ದಂಪತಿಗಳು ಇದರ ಮುಂದಾಳುಗಳು. ಇವರು ಸ್ವಂತ ಕಾರ್ಖಾನೆ ಕಟ್ಟಲು ಹೋಗಲಿಲ್ಲ. ಬೇರೆಯವರ ಫೀಡ್‌ಲಾಟಿಗೂ ಕಾರ್ಖಾನೆಗೂ ಕೂಲಿ ಕೊಟ್ಟು, ದನದ ಒಡೆತನವನ್ನು ಮಾತ್ರ ಕೊನೆಯವರೆಗೆ ತಮ್ಮಲ್ಲೇ ಇಟ್ಟುಕೊಂಡರು. ತಮ್ಮ ಸಾಕಣೆ ಖರ್ಚು ಎಷ್ಟು, ಬದುಕಲು ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಅದರ ಮೇಲೆ ಬೆಲೆ ಕಟ್ಟಿ ಅಂಗಡಿಯವರೊಡನೆ ನೇರವಾಗಿ ಮಾತನಾಡಿದರು. ಸದಸ್ಯರು ಅಂಗಡಿಗೆ ಹೋಗಿ ಗಿರಾಕಿಗಳೊಡನೆ ಮಾತನಾಡುವುದನ್ನೂ ಕರ್ತವ್ಯವೆಂದು ಇಟ್ಟುಕೊಂಡರು.

ಎರಡು, ಯು.ಎಸ್. ಪ್ರೀಮಿಯಂ ಬೀಫ್. 1996ರಲ್ಲಿ ಸ್ಥಾಪನೆಯಾದ ಈ ಉತ್ಪಾದಕರ ಸಂಸ್ಥೆಯಲ್ಲಿ ಷೇರು ಕೊಂಡವನಿಗೆ ವರ್ಷಕ್ಕೆ ಷೇರಿಗೊಂದರಂತೆ ದನ ಒಪ್ಪಿಸುವ ಹಕ್ಕು. ಅಷ್ಟೇ ಅಲ್ಲ, ಒಪ್ಪಿಸಲೇಬೇಕಾದ ಹೊಣೆ. ಪ್ರತಿ ದನದ ಮಾಂಸದ ಗುಣಮಟ್ಟದ ವಿವರ ಮರಳಿ ಸಾಕಿದವನಿಗೆ ಬರುತ್ತದೆ. ಅದನ್ನು ನೋಡಿ ಅವನು ಹೋರಿ, ಹಸುಗಳ ಆಯ್ಕೆ ಸುಧಾರಿಸಬಹುದು. 2003ರಲ್ಲಿ ಈ ಸಂಸ್ಥೆ ನಾಲ್ಕನೆಯ ದೊಡ್ಡ ಕಂಪನಿಯಾದ ನ್ಯಾಷನಲ್ ಬೀಫಿನ ಹೆಚ್ಚಿನ ಷೇರುಗಳನ್ನೇ ಕೊಂಡಿತು. 2011ರಲ್ಲಿ ಹೆಚ್ಚಿನ ಪಾಲನ್ನು ಹಣಕಾಸು ಕಂಪನಿಯೊಂದಕ್ಕೆ ಮಾರಿತು. 2018ರಲ್ಲಿ ಅದು ಬ್ರೆಜಿಲಿನ ಮಾರ್ಫ್ರಿಗ್ ಕಂಪನಿಯ ವಶವಾಯಿತು. ಆದರೂ ಒಂದು ಪಾಲನ್ನೂ ದನ ಒಪ್ಪಿಸುವ ಹಕ್ಕನ್ನೂ ಉತ್ಪಾದಕರು ಬಿಟ್ಟುಕೊಡಲಿಲ್ಲ.

ಸೋತ ಪ್ರಯತ್ನಗಳನ್ನೂ ಹೇಳಬೇಕು. ದಕ್ಷಿಣ ಡಕೋಟ ರಾಜ್ಯದ ಅಬರ್ಡೀನಿನಲ್ಲಿ ಹೊಸದೊಂದು ಸ್ವತಂತ್ರ ಕಾರ್ಖಾನೆ 2012ರಲ್ಲಿ ಪ್ರಾರಂಭವಾಗಿ 2013ರ ಜುಲೈನಲ್ಲೇ ದಿವಾಳಿಯಾಯಿತು. ಕಟ್ಟಡಕ್ಕೆ ಹಣ ಸುರಿದು ದಿನನಿತ್ಯ ನಡೆಸುವ ಬಂಡವಾಳ ಸಾಲದೆ ಹೋದರೆ ಹೀಗಾಗುತ್ತದೆ. ದನ ಕೊಳ್ಳಲು ರೊಕ್ಕ ಕೂಡಲೇ ಬೇಕು. ಮಾಂಸದ ಹಣ ಬರುವುದು ಆಮೇಲೆ.

ಬೆಲೆ ಏರಿದಾಗಲೇ ಎಚ್ಚರ

ಇತ್ತೀಚಿನ ವರ್ಷಗಳಲ್ಲಿ ತಕ್ಕಡಿ ತಿರುಗಿದೆ. 2020ರಿಂದ ಮೇಲಿಂದ ಮೇಲೆ ಬಂದ ಬರದಿಂದ ಹುಲ್ಲು ಒಣಗಿ ತಾಯಿ ಹಸುಗಳನ್ನೇ ಮಾರಬೇಕಾಯಿತು. 2025ರ ಜನವರಿಯಲ್ಲಿ ದೇಶದ ಒಟ್ಟು ದನಗಳು 8 ಕೋಟಿ 67 ಲಕ್ಷ. 1951ರಿಂದ ಅಲ್ಲಿಯವರೆಗೆ ಇಷ್ಟು ಕಡಿಮೆ ಇದ್ದದ್ದಿಲ್ಲ. ದನ ಕಡಿಮೆಯಾದಾಗ ಕಾರ್ಖಾನೆಗಳೇ ದನಕ್ಕಾಗಿ ಪೈಪೋಟಿ ನಡೆಸಬೇಕಾಯಿತು. 2024, 2025ರಲ್ಲಿ ಕರುವಿನ ಬೆಲೆ ದಾಖಲೆ ಮುಟ್ಟಿತು; ಕಂಪನಿಗಳ ದನದ ಮಾಂಸದ ವ್ಯವಹಾರ ನಷ್ಟಕ್ಕಿಳಿಯಿತು. ಹಳ್ಳಿಗಾಡಿನ ಕುಟುಂಬಗಳು ಸಾಲ ತೀರಿಸಿಕೊಂಡವು.

ಆದರೆ 2025ರ ನವೆಂಬರಿನಲ್ಲಿ ನೆಬ್ರಾಸ್ಕ ರಾಜ್ಯದ ಲೆಕ್ಸಿಂಗ್ಟನ್ ಊರಿನ ತನ್ನ ದೊಡ್ಡ ಕಾರ್ಖಾನೆಯನ್ನು ಮುಚ್ಚುವುದಾಗಿ ಟೈಸನ್ ಪ್ರಕಟಿಸಿತು. ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಬೆಲೆ ಚೆನ್ನಾಗಿದೆಯೆಂದು ಪಶುಪಾಲಕ ಇಂದು ಒಂದು ಹೆಣ್ಣುಕರುವನ್ನು ಮಾರದೆ ಉಳಿಸಿಕೊಂಡರೆ, ಅದು ಬೆಳೆದು ಈಯ್ದು, ಅದರ ಕರು ಕಾರ್ಖಾನೆ ಮುಟ್ಟಲು ಮೂರು ವರ್ಷಕ್ಕೂ ಹೆಚ್ಚು ಬೇಕು. ಆ ಹೊತ್ತಿಗೆ ಎಲ್ಲರ ದನಗಳೂ ಒಟ್ಟಿಗೆ ಬರುತ್ತವೆ. ಕೊಳ್ಳುವ ಬಾಗಿಲು ಮಾತ್ರ ಒಂದು ಕಡಿಮೆಯಾಗಿರುತ್ತದೆ. ಒಳ್ಳೆಯ ಬೆಲೆಯ ಕಾಲ ಕಳೆದಮೇಲೆ ಮೊದಲಿಗಿಂತ ಬಿಗಿಯಾದ ಕುಣಿಕೆ ಬೀಳಬಹುದು.

ಇದನ್ನು ಅರಿತವರು ಅದೇ ರಾಜ್ಯದಲ್ಲಿದ್ದಾರೆ. ನಾರ್ತ್ ಪ್ಲಾಟ್ ಎಂಬ ಊರಿನಲ್ಲಿ ಪಶುಪಾಲಕರೂ ಫೀಡ್‌ಲಾಟಿನವರೂ ಸೇರಿ ದಿನಕ್ಕೆ 1,500 ದನ ಹಿಡಿಯುವ ಸಸ್ಟೇನಬಲ್ ಬೀಫ್ ಎಂಬ ಕಾರ್ಖಾನೆಯನ್ನು 2025ರಲ್ಲಿ ಪ್ರಾರಂಭಿಸಿದರು. ವಾಲ್‌ಮಾರ್ಟ್ ಅಂಗಡಿ ಕಂಪನಿ ಇದರಲ್ಲಿ ಸಣ್ಣ ಪಾಲು ಹೊಂದಿ ಗಿರಾಕಿಯೂ ಆಗಿದೆ. ಅಬರ್ಡೀನಿನಲ್ಲಿ ಆದ ಗತಿ ಇಲ್ಲಿ ಆಗಬಾರದೆಂದರೆ ದನ ಕೊಡುವವರೂ ಮಾಂಸ ಕೊಳ್ಳುವವರೂ ಮೊದಲೇ ಗೊತ್ತಿರಬೇಕಷ್ಟೆ. "ಗಾಳಿ ಬಂದಾಗ ತೂರಿಕೋ" ಎಂಬ ನಮ್ಮ ಗಾದೆ ಅಲ್ಲಿಯೂ ಸಲ್ಲುತ್ತದೆ.

ಇನ್ನೊಂದು ಚಿಂತೆ ವಯಸ್ಸಿನದು. 2022ರ ಗಣತಿಯಂತೆ ಅಮೆರಿಕದ ರೈತರ ಸರಾಸರಿ ವಯಸ್ಸು 58 ದಾಟಿದೆ. ಅಂಥ ಮನೆಗಳಲ್ಲಿ ಮಗಳೋ ಮಗನೋ ಹುಲ್ಲುಗಾವಲಿಗೆ ಹಿಂತಿರುಗುವುದು ಒಂದು ವರ್ಷದ ಒಳ್ಳೆಯ ಬೆಲೆ ನೋಡಿ ಅಲ್ಲ. ಹತ್ತು ವರ್ಷ ನಂಬಬಹುದಾದ ಪೇಟೆ ಇದೆಯೇ ಎಂದು ನೋಡಿ.

ನಮಗೆ ಇದರ ಪಾಠ

ಅಮೆರಿಕದ ಪಶುಪಾಲಕನಿಗಿಂತ ನಾವು ಬಹಳ ಸಣ್ಣವರು. ಆದರೆ ಒಂದು ವಿಷಯದಲ್ಲಿ ನಮ್ಮ ಹಾಲಿನ ರೈತ ಅವನಿಗಿಂತ ಮುಂದಿದ್ದಾನೆ. 1974ರಲ್ಲಿ ರಾಜ್ಯದ ಹೈನು ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, 1984ರಲ್ಲಿ ಅದು ಹಾಲು ಮಹಾಮಂಡಳವಾದ ಮೇಲೆ ಊರಿನ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಹಾಮಂಡಳ ಎಂಬ ಮೂರು ಮೆಟ್ಟಿಲು ನಮ್ಮಲ್ಲಿವೆ. ಕಾಯಲಾರದ ಸರಕಾದ ಹಾಲಿನ ಮುಂದಿನ ಮೆಟ್ಟಿಲುಗಳು, ಹೆಸರಿಗಾದರೂ, ಹಾಲು ಹಾಕುವವರ ಒಡೆತನದಲ್ಲಿವೆ. ಕೊಬ್ಬಿದ ದನವೂ ಕರೆದ ಹಾಲೂ ಕಾಯಲಾರವು ಎಂಬಲ್ಲಿ ಒಂದೇ. ಓರೆಗಾನಿನ 14 ಕುಟುಂಬಗಳು ಕಷ್ಟಪಟ್ಟು ಕಟ್ಟಿದ್ದು ನಮ್ಮ ಊರಿನ ಡೈರಿಯಲ್ಲಿ ಆಗಲೇ ಇದೆ. ಅದನ್ನು "ಡೈರಿಯವರದು" ಎನ್ನದೆ "ನಮ್ಮದು" ಎಂದು ನಡೆಸುತ್ತಿದ್ದೇವೆಯೇ ಎಂಬುದೇ ಪ್ರಶ್ನೆ.

ಇದೇ ರಾಜ್ಯದಲ್ಲಿ ಕಂಪನಿ ಮರಿ ಕೊಟ್ಟು, ಮೇವು ಕೊಟ್ಟು, ಕಿಲೋಗಿಷ್ಟೆಂದು ಸಾಕಣೆ ಕೂಲಿ ಕೊಡುವ ಕೋಳಿ ಶೆಡ್ಡುಗಳೂ ಇವೆ. ಶೆಡ್ಡಿನ ಸಾಲ ರೈತನದು, ಕೋಳಿ ಕಂಪನಿಯದು. ಕರಾರು ಕೆಟ್ಟದೆಂದಲ್ಲ, ಕರಾರು ಓದದೆ ಸಹಿ ಹಾಕುವುದು ಕೆಟ್ಟದ್ದು.

ಆದ್ದರಿಂದ ತಾವು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

1. ಹೊಸ ಬೆಳೆಗಾಗಲಿ ಸಾಕಣೆಗಾಗಲಿ ಕೈಹಾಕುವ ಮೊದಲು ಇಳುವರಿ ಎಷ್ಟೆಂದು ಕೇಳುವುದರ ಜೊತೆಗೆ ಕೊಳ್ಳುವವರು ಎಷ್ಟು ಮಂದಿ ಎಂದೂ ಎಣಿಸಬೇಕು.

2. ಒಂದು ಲೀಟರ್ ಹಾಲಿಗೆ, ಒಂದು ಕ್ವಿಂಟಲ್ ಕಾಳಿಗೆ ಬಿದ್ದ ಖರ್ಚನ್ನು ಬರೆದಿಡಬೇಕು. ಖರ್ಚು ಗೊತ್ತಿಲ್ಲದವನು ಬೆಲೆ ಕೇಳಲಾರ, ಕೊಟ್ಟಷ್ಟು ತೆಗೆದುಕೊಳ್ಳುತ್ತಾನೆ.

3. ಕರಾರಿಗೆ ಸಹಿ ಹಾಕುವ ಮುನ್ನ ಬೆಲೆ ಯಾವ ಪೇಟೆಯ ಯಾವ ದಿನದ್ದು, ನಷ್ಟ ಯಾರ ಪಾಲಿಗೆ, ಕರಾರು ಮುರಿದರೆ ಏನು ಎಂದು ಓದಿಸಿ ಕೇಳಬೇಕು.

4. ಬೆಲೆಯನ್ನು ಬಹಿರಂಗವಾಗಿಡಬೇಕು. ಸಂಘದಲ್ಲಿ ಹಾಲಿನ ಜಿಡ್ಡಿನ ಅಂಶದ ಪರೀಕ್ಷೆ, ತೂಕ, ದರ ಎಲ್ಲರ ಕಣ್ಣೆದುರಿಗೆ ನಡೆಯಬೇಕು.

5. ಬೆಲೆ ಚೆನ್ನಾಗಿರುವ ವರ್ಷದಲ್ಲೇ ಸಂಘದ ನಿಧಿ ಬೆಳೆಸಬೇಕು. ಕಟ್ಟಡಕ್ಕಿಂತ ಮುಂಚೆ ದುಡಿಯುವ ಬಂಡವಾಳ ಇರಬೇಕು.

6. ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಬೇಕು. ಮನೆಯಲ್ಲಿ ಹಾಲು ಕರೆಯುವ ಹೆಂಗಸರು ಸದಸ್ಯರಾಗಿ ಹೋಗಿ ಪ್ರಶ್ನೆ ಕೇಳಬೇಕು.

ವಿಸ್ತರಣಾ ಕಾರ್ಯಕರ್ತರಿಗೂ ಒಂದು ಮಾತು. ಇಳುವರಿ ಹೆಚ್ಚಿಸುವ ವಿದ್ಯೆಯನ್ನು ನಾವು ಹಳ್ಳಿಗಳಿಗೆ ಮುಟ್ಟಿಸಿದ್ದೇವೆ. ಅಮೆರಿಕದಲ್ಲಿ ಅದು ನಮಗಿಂತ ಹೆಚ್ಚಾಗಿಯೇ ಮುಟ್ಟಿದೆ. 2017ರಲ್ಲಿ ಅಲ್ಲಿ ತಾಯಿ ಹಸು ಸಾಕುವ ಹಿಡುವಳಿಗಳು 7 ಲಕ್ಷ 29 ಸಾವಿರ ಇದ್ದವು. ಐದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕಡಿಮೆಯಾದವು. ಅವರೆಲ್ಲ ದನ ಸಾಕಲು ಬಾರದೆ ಕಸುಬು ಬಿಟ್ಟವರಲ್ಲ. ಬರವೂ ವಯಸ್ಸೂ ಕೆಲವರನ್ನು ಬಿಡಿಸಿದವು. ಮಾರುವ ಬಾಗಿಲಿನಲ್ಲಿ ಬಲವಿಲ್ಲದ್ದು ಹಲವರನ್ನು ಬಿಡಿಸಿತು. ಆದ್ದರಿಂದ ಮೇವಿನ ಪ್ರಾತ್ಯಕ್ಷಿಕೆಯ ಜೊತೆಯಲ್ಲೇ ಖರ್ಚಿನ ಲೆಕ್ಕ, ಕರಾರಿನ ಓದು, ಸಂಘದ ಆಡಳಿತ ಇವನ್ನೂ ನಮ್ಮ ಪಾಠಗಳಲ್ಲಿ ಸೇರಿಸುವುದು ಅಗತ್ಯ. ಮುಂದಿನ ತಿಂಗಳು ಹಳ್ಳಿಗೆ ಹೋದಾಗ ಒಂದು ಮನೆಯಲ್ಲಾದರೂ ಕುಳಿತು ಒಂದು ಲೀಟರ್ ಹಾಲಿನ ಖರ್ಚನ್ನು ಮನೆಯವರೊಡನೆ ಬರೆದು ತೆಗೆಯಿರಿ. ಅಲ್ಲಿಂದ ಪ್ರಾರಂಭವಾಗಲಿ.